ಗೇರ್‌ಬಾಕ್ಸಿನ ಜ್ವರವೂ ನಾಲ್ಕು ನಟ್ಟೂ

"ರಬ್ಬರ್ ಪೈಪಾ? ಅದು ಗಿಡಕ್ಕೆ ನೀರು ಬಿಡೋಕೆ!" ಎಂದು ನಿವೃತ್ತ ಗ್ಯಾರೇಜ್ ಮೇಸ್ತ್ರಿಗಳು ಗುಡುಗಿದರು. ಆ ಗುಡುಗಿಗೆ ಪಕ್ಕದ ಬೀದಿಯವರು ಕೊಡೆ ಹುಡುಕಿದರೆಂದು ಅವರೇ ಹೇಳುತ್ತಾರೆ. "ನನ್ನ ಗಾಡಿಗೆ ಉಕ್ಕಿನ ಪೈಪೇ! ನನ್ನ ಕೈಯಾರೆ ಬಗ್ಗಿಸಿದ್ದು!"

"ಯಾವುದಾದ್ರೂ ಹಾಕಿ ಮಾರಾಯ್ರೆ. ನಾಳೆ ಬೆಳಿಗ್ಗೆ ಗಾಡಿ ಬೆಟ್ಟ ಹತ್ತಬೇಕು, ಅಷ್ಟೇ," ಎಂದರು ಹೆಂಡತಿ.

ಬೆಟ್ಟದ ಮೇಲೆ ಹೆಂಡತಿಯ ಅಕ್ಕ ಇದ್ದರು. ನಾಡಿದ್ದು ಅವರಿಗೆ ಕಣ್ಣಿನ ಆಪರೇಷನ್. "ನೀನು ಪಕ್ಕದಲ್ಲಿ ನಿಂತರೆ ಮಾಡಿಸ್ಕೋತೀನಿ, ಇಲ್ಲದಿದ್ರೆ ಕುರುಡಿಯಾಗೇ ಇರ್ತೀನಿ" ಎಂದು ತಂಗಿಗೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಗಾಡಿ ಓಡಿಸುವುದು ತಂಗಿಯೇ. ಎಡಮಂಡಿ ಕ್ಲಚ್ ತುಳಿಯಲು ಒಪ್ಪದ್ದರಿಂದ, ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಕಾರು. ಆದರೆ ಆ ಗೇರ್‌ಬಾಕ್ಸಿಗೆ ಏರು ಕಂಡರೆ ಜ್ವರ! ಹೋದ ಸಲ ಅರ್ಧ ಬೆಟ್ಟದಲ್ಲಿ ಅದರ ಎಣ್ಣೆ ಕುದಿದು ಎದ್ದ ಹೊಗೆಗೆ, ಮೇಲೆ ಹಾರುತ್ತಿದ್ದ ಹದ್ದು ಕೆಮ್ಮಿತ್ತಂತೆ. ಅದಕ್ಕೇ ಈಗ ಗಾಡಿಯ ಮೂತಿಯಲ್ಲಿ ಎಣ್ಣೆ ತಣಿಸುವ ಕೂಲರ್ ಕೂತಿತ್ತು. ಗೇರ್‌ಬಾಕ್ಸಿನಿಂದ ಅಲ್ಲಿಗೆ ಎಣ್ಣೆ ಹೋಗಲೊಂದು, ಬರಲೊಂದು ಪೈಪು ಹಾಕುವುದಷ್ಟೇ ಬಾಕಿ.

"ನಾನೂ ಸ್ವಲ್ಪ ಕೈ ಹಾಕ್ಲಾ?"

"ನೀನು ನಿನ್ನ ಬಟ್ಟೆ ನೋಡ್ಕೋ! ನಲವತ್ತು ವರ್ಷದಲ್ಲಿ ಒಂದೇ ಒಂದು ಪೈಪು ಹಾಳು ಮಾಡಿದೋನಲ್ಲ ನಾನು. ನನ್ನ ಕೆಲಸ ಮೆಚ್ಚೇ ನಿಮ್ಮಪ್ಪ ನಿನ್ನನ್ನ ನನಗೆ ಕೊಟ್ಟಿದ್ದು!"

"ಹೌದೌದು," ಎಂದು ಹೆಂಡತಿ ಒಳಗೆ ಹೋದರು.

ಉಕ್ಕು ಬಗ್ಗಿಸುವ ಮೊದಲು ಮೆತ್ತನೆಯ ತಂತಿಯಲ್ಲಿ ತಿರುವುಗಳ ಅಳತೆ ತೆಗೆಯಬೇಕು. ತಂತಿ ಎಲ್ಲಿದೆ? ಹಿತ್ತಿಲಲ್ಲಿ! ಬಟ್ಟೆ ಒಣಹಾಕುವುದು ಮತ್ತೇತರ ಮೇಲೆ? ಕತ್ತರಿ ಕಚಕ್ ಎಂದಿತು. ಒಗೆದು ಹರವಿದ್ದ ಐದು ಬೆಡ್‌ಶೀಟುಗಳು ಕೆಸರಿನಲ್ಲಿ ಸಾಷ್ಟಾಂಗ ಬಿದ್ದವು.

"ಅಯ್ಯೋ ನನ್ನ ಕರ್ಮವೇ!" ಎಂಬ ಕೂಗು ಹಿತ್ತಿಲಿಂದ ಬಂತು. ಮೇಸ್ತ್ರಿಗಳು ಆಗಲೇ ಗಾಡಿಯಡಿ ತೂರಿಯಾಗಿತ್ತು. ಹೆಂಡತಿ ಮತ್ತೆ ಒಗೆಯಲು ಕೂತರು.

ಇನ್ನು ಬಗ್ಗಿಸುವ ಯಜ್ಞ. ದೊಡ್ಡ ತಿರುವಿಗೆ ಕುಕ್ಕರು, ಸಣ್ಣ ತಿರುವಿಗೆ ಲಟ್ಟಣಿಗೆ. ಬಗ್ಗುವಾಗ ಪೈಪು ಚಪ್ಪಟೆಯಾಗಬಾರದೆಂದು ಡಬ್ಬಿಯ ಉಪ್ಪೆಲ್ಲ ಅದರ ಹೊಟ್ಟೆಗೆ ಸುರಿದರು. ಆಮೇಲೆ ತೊಳೆದದ್ದೇ ತೊಳೆದದ್ದು. ಉಪ್ಪು ತಿಂದ ಪೈಪು ನೀರು ಕುಡಿಯಲೇಬೇಕಲ್ಲ! ಮಧ್ಯಾಹ್ನ ಸಪ್ಪೆ ಸಾರು ಉಣ್ಣುವಾಗಲೂ ಮೇಸ್ತ್ರಿಗಳ ಮನಸ್ಸು ಎಲ್ಲೋ ಇತ್ತು.

ಅದು ಇದ್ದದ್ದು ಹಳೆಯ ಗ್ಯಾರೇಜಿನಲ್ಲಿ. ಮಾಡಿನ ಸಂದಿಯಿಂದ ಬೀಳುವ ಬಿಸಿಲಿನ ಕೋಲು, ಎಣ್ಣೆ ಕುಡಿದು ಕಪ್ಪಾದ ಬೆಂಚು, ಕೆಮ್ಮುತ್ತ ಹಾಡುವ ರೇಡಿಯೋ. ಗ್ಯಾರೇಜಿನ ಯಜಮಾನರಾದ ದೊಡ್ಡ ಮೇಸ್ತ್ರಿಗಳಿಗೆ ದಿನಾ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದದ್ದು ಅವರ ಕಿರಿಮಗಳು. ಎರಡು ಜಡೆಯ ಆ ಹುಡುಗಿ ಡಬ್ಬಿಯಿಟ್ಟು ಸುಮ್ಮನೆ ಹೋಗುತ್ತಿರಲಿಲ್ಲ. ಆಗ ಅಲ್ಲಿ ಕೆಲಸದ ಹುಡುಗನಾಗಿದ್ದ ಈತ ಬಗ್ಗಿಸಿ ಬೆಂಚಿನ ಮೇಲಿಟ್ಟ ಪೈಪುಗಳನ್ನು ಒಂದೊಂದಾಗಿ ಎತ್ತಿ, ಸವರಿ, ಇಡುತ್ತಿದ್ದಳು. ನನ್ನ ಕೆಲಸಕ್ಕೆ ಮರುಳಾಗಿದ್ದಾಳೆ ಎಂದು ಈತ ಎದೆಯುಬ್ಬಿಸಿಕೊಂಡು ಅರ ಉಜ್ಜುತ್ತಿದ್ದ, ಉಜ್ಜಲು ಏನೂ ಇಲ್ಲದಿದ್ದರೂ! ಸಂಜೆ ದೊಡ್ಡ ಮೇಸ್ತ್ರಿಗಳು ಮುಗಿದ ಪೈಪನ್ನು ಬೆಳಕಿಗೆ ಹಿಡಿದು "ಹೂಂ" ಎನ್ನುತ್ತಿದ್ದರು. ಆ ಒಂದು "ಹೂಂ"ಗೆ ಈತ ವಾರವಿಡೀ ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದ.

ಕೈತೊಳೆದು ಬಂದ ಮೇಸ್ತ್ರಿಗಳು ಅದೇ ಗುಂಗಿನಲ್ಲಿ ಎರಡು ಪೈಪುಗಳ ನಾಲ್ಕು ತುದಿಗಳನ್ನೂ ಹೂವಿನಂತೆ ಅರಳಿಸಿ, ಒರೆಸಿ, ಬೆಳಕಿಗೆ ಹಿಡಿದು ತಮಗೆ ತಾವೇ "ಹೂಂ" ಅಂದುಕೊಂಡರು.

"ರೀ," ಎಂದರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ. "ಈ ತಟ್ಟೇಲಿ ನಾಲ್ಕು ನಟ್ಟಿದೆಯಲ್ಲ, ಇದು ಯಾತಕ್ಕೆ?"

ಮೇಸ್ತ್ರಿಗಳು ತಟ್ಟೆ ನೋಡಿದರು, ಪೈಪು ನೋಡಿದರು. ಪೈಪನ್ನು ಬಿಗಿಯುವುದು ಆ ನಟ್ಟು. ಅದನ್ನು ತುದಿ ಅರಳಿಸುವ ಮೊದಲೇ ತೂರಿಸಿರಬೇಕು. ಅರಳಿದ ತುದಿಯ ಮೇಲೆ ಬ್ರಹ್ಮನೇ ಬಂದರೂ ನಟ್ಟು ಇಳಿಯದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು!

ತುದಿಗಳನ್ನು ಕತ್ತರಿಸಿ, ನಟ್ಟು ತೂರಿಸಿ, ಮತ್ತೆ ಅರಳಿಸಿದಾಗ ಎರಡೂ ಪೈಪುಗಳು ನಾಲ್ಕು ಬೆರಳು ಗಿಡ್ಡ. ಹೊಸ ಪೈಪು ತರೋಣವೆಂದರೆ ಅಂಗಡಿಗೆ ವಾರದ ರಜೆ.

"ಈಗೇನ್ರೀ ಗತಿ? ಅಲ್ಲಿ ಅಕ್ಕ ಕಾಯ್ತಿದಾಳೆ!"

ಮೇಸ್ತ್ರಿಗಳು ಗಿಡ್ಡ ಪೈಪನ್ನು ಹಿಡಿದು ಎಳೆದು ನೋಡಿದರು. ಹೆಂಡತಿಯೇ ಕಪಾಟಿನಿಂದ ಒಂದು ಚೀಲ ತಂದು ಮುಂದಿಟ್ಟರು. ಒಳಗೆ ಬಿಸಿ ಎಣ್ಣೆ ತಾಳುವ ದಪ್ಪ ರಬ್ಬರ್ ಪೈಪು, ನಾಲ್ಕು ಕ್ಲಿಪ್ಪು! "ನಿನ್ನೇನೇ ತಂದಿಟ್ಟಿದ್ದೆ. ಎಲ್ಲಾದ್ರೂ ಬೇಕಾಗುತ್ತೆ ಅಂತ."

ಎರಡೂ ಉಕ್ಕಿನ ಪೈಪುಗಳನ್ನು ನಡುವೆ ಕತ್ತರಿಸಿ, ರಬ್ಬರಿನ ತುಂಡಿನಿಂದ ಬೆಸೆದದ್ದಾಯಿತು. ಮರುದಿನ ಗಾಡಿ ಬೆಟ್ಟವನ್ನು ಮೊಲದಂತೆ ಹತ್ತಿತು. ಹದ್ದು ಕೆಮ್ಮಲಿಲ್ಲ.

ಅಕ್ಕ ತಂಗಿಯನ್ನು ತಬ್ಬಿಕೊಂಡು ಅತ್ತರು, ನಕ್ಕರು. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ಟು ಎತ್ತಿಸಿದರು. ಅವರೂ ಗ್ಯಾರೇಜಿನವರ ಮಗಳೇ ಅಲ್ಲವೇ? ಕಣ್ಣು ಮಂಜಾಗಿತ್ತೇ ಹೊರತು ಬೆರಳು ಮಂಜಾಗಿರಲಿಲ್ಲ. ಪೈಪಿನ ಮೇಲೆ ಹರಿದ ಬೆರಳು ರಬ್ಬರಿನ ಬಳಿ ನಿಂತಿತು.

"ಏನೇ, ಈ ಸಲ ನಟ್ಟು ತೂರಿಸಿಡೋಕೆ ನಿನಗೆ ಪುರುಸೊತ್ತಾಗಲಿಲ್ವಾ?"

"ಬಟ್ಟೆ ಒಗೀತಿದ್ದೆ ಅಕ್ಕಾ. ಎರಡನೇ ಸಲ."

"ಈ ಸಲ ಅಂದ್ರೆ?" ಎಂದರು ಮೇಸ್ತ್ರಿಗಳು. ಧ್ವನಿ ತೂತಾದ ಟ್ಯೂಬಿನದಾಗಿತ್ತು.

"ಮತ್ತೆ ದಿನಾ ಡಬ್ಬಿ ಇಟ್ಟು ಇವಳು ಬೆಂಚಿನ ಹತ್ರ ಏನು ಮಾಡ್ತಿದ್ಲು ಅಂದ್ಕೊಂಡ್ರಿ? ನೀವು ಮರೆತ ನಟ್ಟು ತೂರಿಸ್ತಿದ್ಲು! ಮದುವೆ ಆದ ಮೇಲೂ ಅದೇ ಕೆಲಸ."

ಮೇಸ್ತ್ರಿಗಳು ಹೆಂಡತಿಯತ್ತ ನೋಡಿದರು. ಅವರು ಎರಡು ಜಡೆಯ ಕಾಲದ ನಗೆಯನ್ನೇ ನಗುತ್ತಿದ್ದರು.

"ಹಾಗಾದ್ರೆ ನಿಮ್ಮಪ್ಪ ನನ್ನ ಕೆಲಸ ಮೆಚ್ಚಿ..."

"ಅಪ್ಪನಿಗೆ ಎಲ್ಲ ಗೊತ್ತಿತ್ತು!" ಎಂದರು ಅಕ್ಕ, ಮಂಜುಗಣ್ಣು ಒರೆಸಿಕೊಳ್ಳುತ್ತ. "'ಇವಳನ್ನ ಬೇರೆ ಮನೆಗೆ ಕೊಟ್ರೆ ನಮ್ಮ ಗ್ಯಾರೇಜಿನ ಪೈಪೆಲ್ಲ ಗುಜರಿಗೇ' ಅಂತಾನೇ ನಿಮಗೆ ಕೊಟ್ಟಿದ್ದು!"