ತಿರುಗಲು ಒಪ್ಪದ ಜಲಸ್ಕೂಟರಿಗೆ

ಅಲೆಗಳನ್ನು ಸೀಳಿ ಗರ್ಜಿಸುವ, ದಡಕ್ಕೆ ಕಟ್ಟಿದೊಡನೆ ಏನೂ ಅರಿಯದ ಮಗುವಿನಂತೆ ತೂಗಾಡುವ ಮಾನ್ಯ ಬಾಡಿಗೆ ಜಲಸ್ಕೂಟರ್ ಮಹೋದಯರೇ, ತಮ್ಮ ನೀಲಿ ಮೂತಿಗೆ ಮೊದಲು ನನ್ನ ದೊಡ್ಡ ನಮಸ್ಕಾರ.

ಕಳೆದ ಭಾನುವಾರ ತಮ್ಮ ಬೆನ್ನೇರಿದ ಮಹಾಶಯ ನನ್ನ ಭಾವಮೈದುನ. ಗಲ್ಲಿಗಲ್ಲಿಗಳಲ್ಲಿ ಸ್ಕೂಟರ್ ಓಡಿಸಿ ಮನೆಮನೆಗೆ ಔಷಧ ಮುಟ್ಟಿಸುವವನು. ತಮ್ಮ ಮಾಲೀಕರು ಪಾಠ ಶುರುಮಾಡಿದರೆ, "ಸ್ಕೂಟರ್ ಓಡಿಸೋದು ನಂಗೆ ಹೇಳ್ಕೊಡ್ತೀರಾ? ಸರಿಹೋಯ್ತು!" ಎಂದು ನಕ್ಕು ಹೊರಟೇಬಿಟ್ಟ. ಕೆರೆಯಲ್ಲಿ ನನ್ನ ಹೆಂಡತಿ ತನ್ನ ಪಾಡಿಗೆ ಈಜುತ್ತಿದ್ದಳು. ಅಕ್ಕನ ಮುಖಕ್ಕೆ ನೀರೆರಚಿ ಕೊನೆಗಳಿಗೆಯಲ್ಲಿ ಸರ್ರನೆ ತಿರುಗಿಸುವುದು ಈ ಶೂರನ ಯೋಜನೆ. "ಅಕ್ಕಾ, ನೋಡಿಲ್ಲಿ!" ಎಂದು ಅಬ್ಬರಿಸುತ್ತ ನೇರ ಅವಳತ್ತಲೇ ನುಗ್ಗಿದ. ತೀರ ಹತ್ತಿರವಾದಾಗ ಹೆದರಿದ. ರಸ್ತೆಯಲ್ಲಿ ಮಾಡುವಂತೆ ಆಕ್ಸಿಲರೇಟರ್ ಬಿಟ್ಟು, ಹ್ಯಾಂಡಲ್ ತಿರುಗಿಸಿದ.

ಆಹಾ, ತಮ್ಮ ನಿಷ್ಠೆಯೇ! ಹ್ಯಾಂಡಲ್ ತಿರುಗಿತು, ತಾವು ತಿರುಗಲಿಲ್ಲ. ಹಿಂದಿನಿಂದ ನೀರು ಚಿಮ್ಮಿದರಷ್ಟೇ ತಾವು ಮಾತು ಕೇಳುವವರಂತೆ. ವೇಗ ಕೊಟ್ಟರೆ ಮಾತ್ರ ತಿರುವು, ಹೆದರಿ ಕೈಬಿಟ್ಟರೆ ನೆಟ್ಟಗೆ! ಅಪಾಯ ಕಂಡಾಗ ಇನ್ನಷ್ಟು ಒತ್ತಬೇಕೆಂಬ ಇಂಥ ಅಮೋಘ ತತ್ವವನ್ನು ಯಾವ ಗುರುಕುಲದಲ್ಲಿ ಕಲಿತಿರಿ ಸ್ವಾಮಿ? "ತಿರುಗೇ, ತಿರುಗೇ ಮಾರಾಯ್ತಿ!" ಎಂದು ಅವನು ಅಂಗಲಾಚುತ್ತಿದ್ದರೂ ತಾವು ಕಿವಿಗೊಡಲಿಲ್ಲ. ನನ್ನವಳು ಮುಳುಗಿದ್ದರಿಂದ ಉಳಿದಳು. ಭುಜ ತರಚಿತು. ಮೇಲೆದ್ದು ತಮ್ಮನಿಗೆ ಬೈಯಲೂ ಇಲ್ಲ. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ದಿನಾ ಬೆಳಗ್ಗೆ ನೀರಿಗಿಳಿಯದೆ ಯಾರೊಡನೆಯೂ ಮಾತಾಡದವಳ ಈಜುಡುಗೆ ಅಂದಿನಿಂದ ತಂತಿಯ ಮೇಲೆ ಒಣಗಿಯೇ ಇದೆ.

ಆದ್ದರಿಂದ ಸವಿನಯ ಪ್ರಾರ್ಥನೆ: ತಾವು ಒಂದು ಗಂಟಲು ಬೆಳೆಸಿಕೊಂಡು, ಹತ್ತುವವನಿಗೆಲ್ಲ "ಲೋ ತಲೆಹೋಕ, ಈಜುವವರ ಹತ್ತಿರ ಸುಳಿಯಬೇಡ, ದೂರದಿಂದಲೇ ತಿರುಗಿಸು, ತಿರುಗುವಾಗ ಕೈಬಿಡಬೇಡ" ಎಂದು ಗದರಬೇಕು. ಪಾಠ ಕೇಳದವನನ್ನು ದಡದಲ್ಲೇ ಕೆಡವಬೇಕು. ಸಾಧ್ಯವಾದರೆ ಎರಡು ಕಾಲು ಬೆಳೆಸಿಕೊಂಡು ನಮ್ಮ ಮನೆಗೆ ನಡೆದುಬಂದು, ಕುರ್ಚಿಯ ಅಂಚಿನಲ್ಲಿ ತಲೆತಗ್ಗಿಸಿ ಕೂತು ಅವಳ ಕ್ಷಮೆ ಕೇಳಬೇಕು. ಭಾವಮೈದುನನಿಂದ ಅದಿನ್ನೂ ಆಗಿಲ್ಲ. ಅವನು ಮೊದಲು ವಿಚಾರಿಸಿದ್ದು ತಮಗೆ ಗೀರು ಬಿದ್ದಿದೆಯೇ ಎಂದು.

ದಡದಲ್ಲಿ ನಿಂತೇ ಬೆವರುವ,
ತಮ್ಮ ವಿಶ್ವಾಸಿ,
ಈಜುಗಾರ್ತಿಯ ಗಂಡ

ತಾ.ಕ.: ಇಂದು ಬೆಳಗ್ಗೆ ಅವಳು ಮೊಣಕಾಲುದ್ದ ನೀರಿಗಿಳಿದಳು. ದೂರದಲ್ಲಿ ತಾವು ಕೆಮ್ಮಿದ್ದು ಕೇಳಿಸಿ ವಾಪಸ್ ಬಂದಳು. ನಾಳೆ ಸೊಂಟದವರೆಗೆ ಎಂದಿದ್ದಾಳೆ. ದಯವಿಟ್ಟು ಅಷ್ಟರೊಳಗೆ ಕೆಟ್ಟು ನಿಲ್ಲುವ ಕೃಪೆ ಮಾಡಿ.