ಎರಡೇ ಗಂಟೆಯ ದಾರಿ

ಲಂಡನ್ನಿನಿಂದ ಪ್ಯಾರಿಸ್ಸಿಗೆ ಈಗ ಹೊಸದಾಗಿ ಬಂದಿರುವ ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ ಎಂದು ಪತ್ರಿಕೆ ಓದುವವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದು ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಅಂಟಿದ ಚಾಳಿ. ಪದವಿಯ ಕಾಗದ ಪೆಟ್ಟಿಗೆಯ ತಳ ಸೇರಿತು. ಚಾಳಿ ನಾಲಿಗೆಯ ಮೇಲೆಯೇ ಉಳಿಯಿತು. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಅಮ್ಮ ಕೇಳಿದರೆ, ಯಾವುದಕ್ಕೆ ಹೋಲಿಸಿ ಎನ್ನುತ್ತೇನೆ. ಈಚೆಗೆ ಅವಳು ಬಡಿಸಿದ ಮೇಲೆ ಅಲ್ಲಿ ನಿಲ್ಲುವುದೇ ಇಲ್ಲ.

ತರೀಕೆರೆಯ ವಾಚನಾಲಯದಲ್ಲಿ ಆ ಸುದ್ದಿಯನ್ನು ಗಟ್ಟಿಯಾಗಿ ಓದಿದವನು ನನ್ನ ಚಿಕ್ಕಪ್ಪನ ಮಗ ರಂಗಪ್ಪ. "ಇನ್ನೂರು ಚಿಲ್ಲರೆ ಮೈಲಿ ಕಣ್ರೀ, ನಡುವೆ ಸಮುದ್ರ ಬೇರೆ! ಬೆಳಗ್ಗೆ ಹತ್ತಿದ್ರೆ ಊಟಕ್ಕೆ ಅಲ್ಲಿ!" ಎಂದ. ನಾನು ಎದ್ದು ನಿಂತು, ಚರ್ಚಾಕೂಟದ ಕನ್ನಡದಲ್ಲಿ ಶುರು ಮಾಡಿದೆ: "ವಿಮಾನ ಹತ್ತುವ ಕ್ರಾಯ್ಡನ್ ನಿಲ್ದಾಣ ಇರುವುದು ಲಂಡನ್ ಪಟ್ಟಣದ ಹೊರಗೆ. ಆ ಕಡೆ ಇಳಿಯುವ ಲ ಬೂರ್ಜೆಯೂ ಪ್ಯಾರಿಸ್ಸಿನ ಹೊರಗೆ. ಮನೆಯಿಂದ ಅಲ್ಲಿಗೆ ಹೋಗಬೇಕು, ಮಂಜು ಕರಗುವವರೆಗೆ ಕಾಯಬೇಕು. ಯಂತ್ರ ಹಾರಿದ್ದು ಎರಡೂವರೆ ಗಂಟೆ, ಸರಿ. ಮಿಕ್ಕ ಹೊತ್ತೆಲ್ಲ ಪ್ರಯಾಣಿಕ ಎಲ್ಲಿದ್ದ?" ರಂಗಪ್ಪ ಪತ್ರಿಕೆ ಮಡಿಸಿಟ್ಟು ಎದ್ದ. ತೆಂಗಿನ ತೋಟ ನೋಡಿಕೊಂಡಿರುವ ಪಾಪದವನನ್ನು ಸೋಲಿಸಿದ ಹೆಮ್ಮೆಯಲ್ಲಿ ನಾನು ಎರಡು ದಿನ ಎದೆಯುಬ್ಬಿಸಿ ತಿರುಗಿದೆ.

ಮೂರನೆಯ ದಿನ ಅಜ್ಜಂಪುರದಿಂದ ಅಕ್ಕನ ಕಾಗದ ಬಂತು. ಗುರುವಾರ ಹತ್ತು ಗಂಟೆಯೊಳಗೆ ಅವಳ ಮಗಳಿಗೆ ಕಿವಿ ಚುಚ್ಚುವುದು. ಮಗು ಸೋದರಮಾವನ ತೊಡೆಯ ಮೇಲೆ ಕೂತರೇ ಅಕ್ಕಸಾಲಿ ಸೂಜಿ ಎತ್ತುವುದು. ಅವಳಿಗೆ ಒಡಹುಟ್ಟಿದವನು ನಾನೊಬ್ಬನೇ. "ನೀನೇ ಕೂರಬೇಕು" ಎಂದು ಎರಡು ಸಲ ಬರೆದಿದ್ದಳು.

"ಬಾರಪ್ಪಾ, ಕೋಳಿ ಕೂಗೋ ಹೊತ್ಗೆ ಗಾಡಿ ಕಟ್ತೀನಿ. ಅಡ್ಡದಾರೀಲಿ ಹೋಗ್ಬಿಡಾಣ" ಎಂದು ರಂಗಪ್ಪ ಕರೆದ. ರೈಲಿನ ಕಾಲದಲ್ಲಿ ಎತ್ತಿನ ಬಾಲ ನೋಡುತ್ತ ಕೂರುವುದೇ? ವೇಳಾಪಟ್ಟಿಯನ್ನು ಅವನ ಮುಖಕ್ಕೆ ಹಿಡಿದೆ. ತರೀಕೆರೆಯಿಂದ ಬೀರೂರಿಗೆ ಒಂದು ಗಂಟೆ, ಅಲ್ಲಿ ರೈಲು ಬದಲಿಸಿದರೆ ಅಜ್ಜಂಪುರಕ್ಕೆ ಇನ್ನೊಂದು. "ಆರಕ್ಕೆ ಹತ್ತಿದ್ರೆ ಎಂಟಕ್ಕೆ ಅಲ್ಲಿ. ನೀನು ಬರೋ ಹೊತ್ಗೆ ನಂದು ಎರಡನೇ ಲೋಟ ಕಾಫಿ ಆಗಿರುತ್ತೆ ಕಣೋ!"

ಏಳಕ್ಕೆ ಬೀರೂರಿನಲ್ಲಿ ಇಳಿದು, ಅಜ್ಜಂಪುರದ ರೈಲೆಲ್ಲಿ ಎಂದು ಪೋರ್ಟರನ್ನು ಕೇಳಿದೆ. "ಹನ್ನೆರಡೂವರೆಗೆ ಸ್ವಾಮಿ. ಪಟ್ಟೀಲಿ ಹಾಕವ್ರಲ್ಲ?" ಎಂದ. ಹಾಕಿದ್ದರು. ಓಡುವ ಹೊತ್ತನ್ನು ಕೂಡಿಸಿದ ನಾನು ಕಾಯುವ ಹೊತ್ತನ್ನು ನೋಡಿರಲೇ ಇಲ್ಲ. ಐದೂವರೆ ಗಂಟೆ ಬೆಂಚಿನ ಮೇಲೆ ಕೂತೆ. ಹತ್ತು ಹೊಡೆದಾಗ ಒಮ್ಮೆ ನನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡೆ. ವಾದಿಸೋಣವೆಂದರೆ ಎದುರಿಗೆ ಒಂದು ನಾಯಿ ಮಾತ್ರ ಇತ್ತು. ಅದೂ ಎದ್ದು ಹೋಯಿತು.

ಅಜ್ಜಂಪುರ ಮುಟ್ಟಿದಾಗ ಎಲೆ ಎತ್ತುತ್ತಿದ್ದರು. ಮಗು ರಂಗಪ್ಪನ ಹೆಗಲಿಗೊರಗಿ ಬಿಕ್ಕುತ್ತಿತ್ತು, ಎರಡು ಕಿವಿಯಲ್ಲೂ ಚಿನ್ನದ ತಂತಿ. ಚಿಕ್ಕಪ್ಪನ ಮಗನೂ ತಮ್ಮನೇ ತಾನೆ, ಹೊತ್ತು ಮೀರುತ್ತದೆಂದು ಅವನನ್ನೇ ಕೂರಿಸಿದ್ದರು. ನಾನು ಕೈ ಚಾಚಿದೆ. ಮಗು ಅವನ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು.

ಅಕ್ಕನ ಕಣ್ಣು ಕೆಂಪಾಗಿತ್ತು. ಸುಮ್ಮನಿರಬಹುದಿತ್ತು. ಚಾಳಿ ಬಿಡಬೇಕಲ್ಲ! "ನ್ಯಾಯವಾಗಿ ನೋಡಿದ್ರೆ ಅಕ್ಕ, ರೈಲು ತಗೊಂಡಿದ್ದು ಎರಡೇ ಗಂಟೆ" ಎಂದೆ.

ರಂಗಪ್ಪ ಮಗುವಿನ ಬೆನ್ನ ಹಿಂದೆ ಮುಖ ಮರೆಸಿಕೊಂಡ. ವಾಚನಾಲಯದ ವಿಷಯ ಏನೂ ತಿಳಿಯದ ಅಕ್ಕ ಕೇಳಿದಳು:

"ಎರಡೇ ಗಂಟೆನಾ? ಹಂಗಾದ್ರೆ ಮಿಕ್ಕ ಹೊತ್ತೆಲ್ಲ ಎಲ್ಲಿದ್ಯೋ ನೀನು?"