ಮೈನಸ್ ಬಂದ ಬೆಂಚು

ನಮ್ಮ ಕಾಕಾನನ್ನು ಲಗ್ನದ ಊಟಕ್ಕೆ ಕರೆಯುವ ಮುನ್ನ ಚಿಕ್ಕೋಡಿಯ ಜನ ಎರಡು ಸಲ ಯೋಚಿಸುತ್ತಿದ್ದರು! ಹೆಚ್ಚು ಉಣ್ಣುತ್ತಿದ್ದನೆಂದಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಈ ಮಹಾನುಭಾವ ಪಂಕ್ತಿಗಳ ನಡುವೆ ನಿಂತು, ಗಂಡಿನವರೆಷ್ಟು, ಹೆಣ್ಣಿನವರೆಷ್ಟು ಎಂದು ಎಣಿಸುತ್ತಿದ್ದ. ರಾಯಬಾಗದ ಒಂದು ಲಗ್ನದಲ್ಲಿ, “ನಡುವಿನ ಪಂಕ್ತಿ ಮೈನಸ್ ಐತಿ” ಎಂದುಬಿಟ್ಟ. ಏನೋ ಕಡಿಮೆ ಬಿತ್ತೆಂದು ಗಾಬರಿಯಾದ ಹೆಣ್ಣಿನ ತಂದೆ ಆ ಪಂಕ್ತಿಗೆ ಹೋಳಿಗೆ ಎರಡೆರಡು ಬಡಿಸಿದರು. ನಾನು ಅದೇ ಪಂಕ್ತಿಯಲ್ಲಿದ್ದೆ. ವಿಜ್ಞಾನದ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಆವತ್ತೇ.

ಇದು ತೊಂಬತ್ತರ ದಶಕದ ಮಾತು. ಪಿಎಚ್.ಡಿ.ಗಾಗಿ ಕಾಕಾ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಒಂದು ಅಣುವಿನ ಲೆಕ್ಕ ಕೊಟ್ಟಿದ್ದ. ಸಾಲಾಗಿ ಮೂರು ಕಾರ್ಬನ್ ಪರಮಾಣು. ಎಲೆಕ್ಟ್ರಾನುಗಳಲ್ಲಿ ಎರಡು ಪಂಗಡವಂತೆ, ಮೇಲ್ಮುಖ ಸ್ಪಿನ್ನಿನವು, ಕೆಳಮುಖದವು. ಈ ಅಣುವಿನಲ್ಲಿ ಮೇಲ್ಮುಖದ್ದು ಒಂದು ಹೆಚ್ಚು. ಆ ಹೆಚ್ಚಳ ಯಾವ ಪರಮಾಣುವಿನ ಬಳಿ ಎಷ್ಟಿದೆ ಎಂಬುದೇ ಸ್ಪಿನ್ ಸಾಂದ್ರತೆ. ಕಂಪ್ಯೂಟರು ಎರಡೂ ತುದಿಗೆ ಪ್ಲಸ್ ಕೊಟ್ಟು, ನಡುವಿನದಕ್ಕೆ ಮೈನಸ್ ಕೊಟ್ಟಿತು! ಸಾಂದ್ರತೆ ಎಂದ ಮೇಲೆ ಮೈನಸ್ ಹೇಗೆ? ಗೈಡ್ ಸಾಹೇಬರು, “ಇದು ತಪ್ಪು. ತಿದ್ದದಿದ್ದರೆ ಪದವಿ ಮರೆತುಬಿಡಿ” ಎಂದರು.

ನಮ್ಮಪ್ಪನೂ ಬಿಡಲಿಲ್ಲ. “ಹೊಲದಾಗ ಎಲ್ಲೆರ ಮೈನಸ್ ಕಬ್ಬು ಬೆಳದದ್ದು ನೋಡಿಯೇನೋ?”

“ಕಂಪ್ಯೂಟರ್ ತಪ್ಪಿಲ್ಲಣ್ಣಾ. ನಾವು ಓದೂದು ತಪ್ಪೈತಿ,” ಅಂದ ಕಾಕಾ. ತಿದ್ದದೆಯೇ ಪ್ರಬಂಧ ಸಲ್ಲಿಸಿದ. ವರ್ಷಗಟ್ಟಲೆಯ ದುಡಿಮೆ ಆ ಒಂದು ಗೀಟಿನ ಮೇಲೆ ನಿಂತಿತು.

ಮೌಖಿಕ ಪರೀಕ್ಷೆಯ ದಿನ ನಮ್ಮನ್ನೆಲ್ಲ ಟೆಂಪೋದಲ್ಲಿ ಹೇರಿಕೊಂಡು ಹೊರಟ. ನಿಪ್ಪಾಣಿಯಲ್ಲಿ ನಿಲ್ಲಿಸಿ ಕಾಕಾನ ಹೆಂಡತಿ, ನಮ್ಮ ಕಾಕುವಿನ ತವರಿನವರನ್ನೂ ಹತ್ತಿಸಿದ. ಕಾಕು ತೀರಿಕೊಂಡ ಮೇಲೆ ಅವರು ನಮ್ಮ ಕಡೆ ಬರುವುದೇ ನಿಂತಿತ್ತು. ಚಪ್ಪಾಳೆ ತಟ್ಟಲು ಜನ ಬೇಕೇನೋ ಅಂದುಕೊಂಡೆವು. ಅಲ್ಲಿ ನೋಡಿದರೆ ನಮ್ಮನ್ನು ಎಬ್ಬಿಸಿ, ಸರಿಸಿ, ಮೂರು ಬೆಂಚಿನ ಮೇಲೆ ತಾನೇ ಕೂರಿಸಿ, ಕದಲಬಾರದೆಂದು ತಾಕೀತು ಮಾಡಿದ!

ಪರೀಕ್ಷಕರು ನೇರವಾಗಿ ಆ ಮೈನಸ್ ವಿಷಯಕ್ಕೇ ಬಂದರು. “ಮೈನಸ್ ಅಂದರೆ ಅಲ್ಲಿ ಎಲೆಕ್ಟ್ರಾನೇ ಇಲ್ಲವೆ?”

ಕಾಕಾ ನಮ್ಮತ್ತ ಕೈ ತೋರಿಸಿದ. “ಇವರು ನಮ್ಮ ಮನಿಯವರು, ಮೇಲ್ಮುಖ ಅನ್ರಿ. ಅವರು ಬೀಗರು, ಕೆಳಮುಖ. ನಮ್ಮವರು ತಮ್ಮವರ ಮಗ್ಗಲಾ ಕುಂಡ್ರಾಕ ಆಚಿಕಡಿ ಈಚಿಕಡಿ ಬೆಂಚು ಹಿಡದಾರ. ಹಂಗಾಗಿ ನಡುವಿನ ಬೆಂಚಿನ್ಯಾಗ ಬೀಗರು ಹೆಚ್ಚಾಗ್ಯಾರ. ಆ ಬೆಂಚು ಖಾಲಿ ಐತೇನ್ರಿ ಸರ್? ಮೈನಸ್ ಅಂದ್ರ ಯಾರೂ ಇಲ್ಲ ಅಂತಲ್ರಿ, ಅಲ್ಲಿ ಬೀಗರ ಕೈ ಮ್ಯಾಲ ಅಂತ. ಮೂರೂ ಕೂಡಿಸಿ ನೋಡ್ರಿ, ನಮ್ಮವರು ಒಬ್ಬರು ಹೆಚ್ಚು.”

ಪರೀಕ್ಷಕರು ಎದ್ದು ಬಂದು ನಮ್ಮ ತಲೆ ಎಣಿಸಿದರು. ನಂಬಿಕೆ ಬಾರದೆ ಮತ್ತೆ ಎಣಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು ಕಾಕಾನ ಕೈ ಕುಲುಕಿದರು. ಮೊದಲು ಚಪ್ಪಾಳೆ ತಟ್ಟಿದವರು ಯಾರು? ಗೈಡ್ ಸಾಹೇಬರೇ! ಅಪ್ಪನಂತೂ ಬಾಗಿಲಿನ ಜವಾನನಿಗೂ, “ಆ ಮೈನಸ್ ನಮ್ಮದ್ರಿ” ಎಂದು ಹೇಳುತ್ತ ಎದೆಯುಬ್ಬಿಸಿ ಓಡಾಡಿದ.

ಮರಳುವಾಗ ಕಾಕಾನ ಕೊರಳಲ್ಲಿ ಅಭಿನಂದನೆಯ ಹೂವಿನ ಹಾರ, ಟೆಂಪೋದಲ್ಲಿ ಒಂದೇ ಗದ್ದಲ. ಕಾಕುವಿನ ತಾಯಿ ಮಾತ್ರ ಬೆರಳು ಮಡಚುತ್ತ ಕೂತಿದ್ದಳು.

“ಅಳ್ಯಾ, ನಿಮ್ಮವರು ಒಬ್ಬರು ಹೆಚ್ಚಾಗಿಲ್ಲ,” ಅಂದಳು. “ನಮ್ಮ ಕಡಿ ಒಬ್ಬಾಕಿ ಕಡಿಮಿ ಆಗ್ಯಾಳ.”

ಕಾಕಾ ಕೊರಳಿನ ಹಾರ ತೆಗೆದು ಆಕೆಯ ಉಡಿಯಲ್ಲಿಟ್ಟ.

“ಹೌದ್ರಿ ಅತ್ತಿ. ಆ ಲೆಕ್ಕಾನೂ ಬರೋಬ್ಬರಿ ಐತಿ,” ಎಂದು ಆಕೆಯ ಪಕ್ಕದಲ್ಲಿ ಹೋಗಿ ಕುಳಿತ.